ಮೂರು ಚುಕ್ಕೆ, ಒಂದು ಗೆರೆ

ಎಲ್ಲಕ್ಕೂ ಮೂಲ ಒಂದು ಬಾಟಲಿ ಕೆಂಪು ಶಾಯಿ.

ಇಪ್ಪತ್ತೆರಡು ವರ್ಷ ಲಾಂಡ್ರಿ ಮಾಮ ಕಪ್ಪು ಶಾಯಿಯಲ್ಲೇ ಬಟ್ಟೆಗೆ ಗುರುತು ಹಾಕಿದವನು. ಹೋದ ವಾರ ಅಂಗಡಿಯಲ್ಲಿ ಕಪ್ಪು ಮುಗಿದಿತ್ತು. "ಕೆಂಪು ತಗೊಳ್ಳಿ, ಇದೂ ನೀರಿಗೆ ಹೋಗಲ್ಲ" ಎಂದು ಅಂಗಡಿಯವನು ಕೊಟ್ಟ, ಇವನು ತಂದ. ಕಪ್ಪಾಗಿದ್ದಾಗ ಇಪ್ಪತ್ತೆರಡು ವರ್ಷ ಕುತ್ತಿಗೆಗೆ ಅಂಟಿಕೊಂಡೇ ಇದ್ದರೂ ಯಾರ ಕಣ್ಣಿಗೂ ಬೀಳದ ಗುರುತು, ಕೆಂಪಾದ ಎಂಟೇ ದಿನಕ್ಕೆ ಊರಿಗೆಲ್ಲ ಕಾಣಿಸಿತು.

ಮಾಮನ ಲಾಂಡ್ರಿ ಇದ್ದದ್ದು ಮೇಲಿನ ಬೀದಿಯೂ ಕೆಳಗಿನ ಬೀದಿಯೂ ಕೂಡುವ ತಿರುವಿನಲ್ಲಿ. ಮೇಲಿನ ಬೀದಿಯವರ ದೇವರು ಬೇರೆ, ಕೆಳಗಿನ ಬೀದಿಯವರ ದೇವರು ಬೇರೆ. ಕೊಳೆ ಮಾತ್ರ ಇಬ್ಬರದೂ ಒಂದೇ ಬಣ್ಣ. ಮನೆ ಮೇಲಿನ ಬೀದಿಯಲ್ಲಿದ್ದರೂ ಮಾಮನಿಗೆ ತಿಳಿದಿದ್ದ ಪಂಗಡಗಳು ಎರಡೇ: ಬಣ್ಣ ಬಿಡುವವು, ಬಣ್ಣ ಬಿಡದವು. ಒಬ್ಬರ ಬಟ್ಟೆ ಇನ್ನೊಬ್ಬರ ಮನೆಗೆ ಹೋಗಬಾರದೆಂದು ಮನೆಗೊಂದು ಗುರುತು ಮಾಡಿ, ಅದನ್ನು ಉದ್ದನೆಯ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದ. ಒಂದು ಮನೆಗೆ ಎರಡು ಗೆರೆ, ಇನ್ನೊಂದಕ್ಕೆ ಒಂದು ಸೊನ್ನೆ, ನಿವೃತ್ತ ಮೇಷ್ಟ್ರ ಮನೆಗೆ ಮೂರು ಚುಕ್ಕೆ, ಒಂದು ಗೆರೆ.

ಅವತ್ತು ಬೆಳಗ್ಗೆ ಮಾಮ ಇನ್ನೂ ಬಾಯಿ ಮುಕ್ಕಳಿಸುತ್ತಿದ್ದ. ಹೆಂಡತಿ ಅವನ ಫೋನು ಹಿಡಿದು ಓಡಿ ಬಂದಳು.

"ಏನ್ರೀ, ಕೇಳಿ ಇಲ್ಲಿ! 'ಎಚ್ಚರ! ಅವರು ನಮ್ಮವರ ಕಾಲರ್ ಒಳಗೆ ರಕ್ತದ ಬಣ್ಣದಲ್ಲಿ ಗುಪ್ತ ಗುರುತು ಹಾಕುತ್ತಿದ್ದಾರೆ. ಗುರುತು ಬಿದ್ದ ಮನೆಗೆ ಮೂರು ದಿನದೊಳಗೆ ಅಪಾಯ. ಚಿತ್ರ ನೋಡಿ. ನಿಮ್ಮವರ ಮೇಲೆ ಪ್ರೀತಿ ಇದ್ದರೆ ಹತ್ತು ಜನಕ್ಕೆ ಕಳಿಸಿ.'"

ಕಾಲರ್ ಎಂದ ಕೂಡಲೇ ಮಾಮನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಭಯ ಒಳಗೆ ಬಂದರೆ ಮೊದಲು ಮನೆ ಬಿಟ್ಟು ಓಡುವುದು ಬುದ್ಧಿಯೇ. ಅವನು ತನ್ನ ಕಾಲರ್ ಒಳಗೆ ಬೆರಳಾಡಿಸಿ ನೋಡಿಕೊಂಡ. ಬೆರಳಿಗೆ ಏನೂ ಸಿಗಲಿಲ್ಲ. ಬದುಕಿದೆ ಎಂದುಕೊಂಡ. ಚಿತ್ರ ನೋಡೋಣವೆಂದರೆ ಕನ್ನಡಕ ಅಂಗಡಿಯಲ್ಲಿತ್ತು. ಕನ್ನಡಕವಿಲ್ಲದೆ ಅವನಿಗೆ ಫೋನಿನೊಳಗೆ ಕಾಣುವುದು ಬೆಳಕು ಮಾತ್ರ.

"ನಿಜ ಇರುತ್ತಾ?" ಎಂದ.

"ಸುಳ್ಳಾದ್ರೆ ಒಳ್ಳೇದೇ ಆಯ್ತು. ನಿಜ ಆಗಿದ್ರೆ? ಕಳಿಸಿದ್ರೆ ನಮ್ಮ ಗಂಟೇನು ಹೋಗುತ್ತೆ?"

ಅದೂ ಸರಿ ಎನ್ನಿಸಿತು. ಅವಳು ತೋರಿಸಿದಲ್ಲಿ ಬೆರಳಿಟ್ಟು, ನೆಂಟರಿಷ್ಟರು ಸೇರಿ ಹನ್ನೆರಡು ಜನಕ್ಕೆ ಕಳಿಸಿದ. ಕೇಳಿದ್ದಕ್ಕಿಂತ ಇಬ್ಬರಿಗೆ ಹೆಚ್ಚು.

ಅಂಗಡಿಗೆ ಬಂದರೆ ಇಸ್ತ್ರಿಯವನು ಬಾಗಿಲ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದ. ಅವನು ಕೆಳಗಿನ ಬೀದಿಯವನು. ಹದಿನೆಂಟು ವರ್ಷದಿಂದ ಮಾಮನ ಜೊತೆಗಿದ್ದವನು. ಇವನು ಒಗೆದದ್ದನ್ನು ಅವನು ಮಡಿಸುವುದು, ಇವನು ಮರೆತದ್ದನ್ನು ಅವನು ನೆನಪಿಸುವುದು. ಅವತ್ತು ಅವನ ಮುಖ ಹಿಂಡಿ ಹಾಕಿದ ಬಟ್ಟೆಯ ಹಾಗಿತ್ತು.

"ಅಣ್ಣಾ, ಬರ್ತಾ ದಾರೀಲಿ ನನ್ನನ್ನ ನೋಡಿ ಮೇಷ್ಟ್ರ ಮನೆಯವರು ದಡಕ್ಕನೆ ಬಾಗಿಲು ಹಾಕ್ಕೊಂಡ್ರು. ದಿನಾ ಬಟ್ಟೆ ಕೊಡೋ ಬಾಗಿಲು ಅದು."

"ಹಾಕ್ಕೊಳ್ಳದೆ ಏನ್ಮಾಡ್ತಾರೆ? ನಿಮ್ಮವರು ಗುರುತು ಹಾಕ್ತಿದ್ದಾರಂತಲ್ಲ?" ಎಂದುಬಿಟ್ಟ ಮಾಮ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ನಮ್ಮವರಾ? ನಿಮ್ಮವರು ಅಂತ ಬಂದಿದೆ ನಮ್ಮ ಬೀದೀಲಿ!" ಎಂದು ಇಸ್ತ್ರಿಯವನು ತನ್ನ ಫೋನು ಮುಂದೆ ಹಿಡಿದ. ಅದೇ ಸಂದೇಶ. ಒಂದಕ್ಷರ ಬದಲಾಗಿರಲಿಲ್ಲ, ಬದಲಾಗಬೇಕಾದ ಅಗತ್ಯವೂ ಇರಲಿಲ್ಲ. ಬರೆದ ಪುಣ್ಯಾತ್ಮ 'ಅವರು' ಎಂದಷ್ಟೇ ಬರೆದಿದ್ದ. ಅದು ಯಾವ ಬೀದಿಯಲ್ಲಿ ನಿಂತು ಓದಿದರೂ ಆಚೆ ಬೀದಿಗೇ ಹೊಂದುತ್ತಿತ್ತು.

ಮಾಮ ಮೇಜಿನ ಖಾನೆಯಿಂದ ಕನ್ನಡಕ ತೆಗೆದು ಹಾಕಿಕೊಂಡು ಚಿತ್ರ ನೋಡಿದ. ಬಿಳಿ ಕಾಲರ್. ಮೂರು ಚುಕ್ಕೆ, ಒಂದು ಗೆರೆ. ಮೂರನೆಯ ಚುಕ್ಕೆ ಕೈ ನಡುಗಿ ಸ್ವಲ್ಪ ಬಾಲ ಬಿಟ್ಟಿತ್ತು. ಆ ಬಾಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೋದ ಮಂಗಳವಾರ ಮೇಷ್ಟ್ರ ಅಂಗಿಗೆ ಗುರುತು ಹಾಕುವಾಗ ಸೀನು ಬಂದಿತ್ತು.

ಮಾಮ ಸ್ಟೂಲಿನ ಮೇಲೆ ಕುಸಿದ.

"ಇದು ನಂದು ಕಣೋ."

"ಹಂಗಂದ್ರೆ ಹೇಳಿಬಿಡಿ ಅಣ್ಣಾ! ಈಗ್ಲೇ ಹೋಗಿ ಹೇಳಿಬಿಡಿ!"

"ಹೇಳ್ತೀನಿ, ಹೇಳ್ತೀನಿ. ಸ್ವಲ್ಪ ಬಿಸಿ ಆರಲಿ."

ಬಿಸಿ ಆರುವ ಮೊದಲೇ ಮೇಷ್ಟ್ರು ನಾಲ್ಕು ಜನರನ್ನು ಕರೆದುಕೊಂಡು ಬಂದರು. ಇಸ್ತ್ರಿಯವನು ಪರದೆಯ ಹಿಂದೆ ಕೆಲಸಕ್ಕೆ ಹೋದ. ಮೇಷ್ಟ್ರು ಮೇಲಿನ ಬೀದಿಯ ಫೋನ್ ಗುಂಪಿನ ಯಜಮಾನರು. ಮೂವತ್ತು ವರ್ಷ ಗಣಿತ ಕಲಿಸಿದವರಾದ್ದರಿಂದ ಏನನ್ನೂ ಸಾಧಿಸಿಯೇ ಬಿಡುವವರು.

"ಏನಯ್ಯಾ, ನಮ್ಮ ಬಟ್ಟೆ ನಿನ್ನ ಕೈಗೆ ಕೊಡ್ತೀವಿ. ನಿನ್ನ ಕೈಯಿಂದ ಯಾರ ಕೈಗೆ ಹೋಗುತ್ತೆ?"

"ಇಸ್ತ್ರಿಗೆ ಸಾರ್."

"ಇಸ್ತ್ರಿಯವನದು ಯಾವ ಬೀದಿ?"

"ಕೆಳಗಿನ..."

"ಆಯ್ತಲ್ಲ! ಸಂಜೆಯೊಳಗೆ ಅವನನ್ನ ಬಿಡಿಸು. ಇಲ್ಲದಿದ್ರೆ ನಾವೇ ವಿಚಾರಿಸ್ಕೋತೀವಿ."

"ಸಾರ್, ಆ ಗುರುತು..."

"ಆ ಗುರುತಿನ ಬಗ್ಗೆ ನಿನಗೇನು ಗೊತ್ತು?" ಮೇಷ್ಟ್ರ ದನಿ ಇದ್ದಕ್ಕಿದ್ದಂತೆ ತಣ್ಣಗಾಯಿತು. ಅವರ ಹಿಂದೆ ನಿಂತವನ ಕೈಯಲ್ಲಿ ಒಂದು ದೊಣ್ಣೆಯಿತ್ತು. ನಾಯಿ ಓಡಿಸಲು ತಂದದ್ದಿರಬಹುದು. ಬೀದಿಯಲ್ಲಿ ನಾಯಿ ಇರಲಿಲ್ಲ.

"ಏನೂ ಗೊತ್ತಿಲ್ಲ ಸಾರ್" ಎಂದ ಮಾಮ.

ಪರದೆಯ ಆಚೆ ಇಸ್ತ್ರಿ ಪೆಟ್ಟಿಗೆಯ ಸದ್ದು ನಿಂತಿತು. ಮಾಮನಿಗೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಇಪ್ಪತ್ತೆರಡು ವರ್ಷ ಊರಿನ ಕೊಳೆಯೆಲ್ಲ ತೆಗೆದವನು, ಇಂಥದ್ದೊಂದು ತನ್ನ ಮೇಲೇ ಕೂರಬಹುದೆಂದು ಎಣಿಸಿರಲಿಲ್ಲ.

ಅವರು ಹೋದ ಮೇಲೆ ಇಸ್ತ್ರಿಯವನು ಹೊರಗೆ ಬಂದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಾನು ಹೋಗ್ಲಾ ಅಣ್ಣಾ? ಹೋಗೋದೆಲ್ಲಿಗೆ ಅಂತಾನೂ ಗೊತ್ತಿಲ್ಲ. ಅವರ ಬೀದಿಯವನ ಅಂಗಡೀಲಿ ಕೂಲಿ ಮಾಡ್ತೀಯ ಅಂತ ನಮ್ಮ ಬೀದೀಲೂ ಉಗೀತಾ ಇದ್ದಾರೆ."

"ಕೂತ್ಕೋ. ಎಲ್ಲಿಗೂ ಹೋಗ್ಬೇಡ."

ಎದುರಿಗೆ ನಿಂತು ಹೇಳಲು ಧೈರ್ಯವಿಲ್ಲದವನಿಗೆ ಫೋನಿದೆಯಲ್ಲ. ಮಾಮ ಬೆಳಗ್ಗೆ ಕಳಿಸಿದ್ದ ಹನ್ನೆರಡು ಜನಕ್ಕೂ, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆದ: 'ಬೆಳಗ್ಗೆ ಕಳಿಸಿದ್ದು ಸುಳ್ಳು. ಅದು ಲಾಂಡ್ರಿ ಗುರುತು. ನಾನೇ ಹಾಕಿದ್ದು. ಹೆದರಬೇಡಿ.'

ಸುಳ್ಳು ಕಳಿಸಿದಾಗ ಹನ್ನೆರಡು ಜನರೂ ಕೈ ಮುಗಿದಿದ್ದರು. ನಿಜ ಕಳಿಸಿದ್ದಕ್ಕೆ ಷಡ್ಡಕ ಕೇಳಿದ: 'ಎಷ್ಟು ಕೊಟ್ರು?' ಚಿಕ್ಕಪ್ಪನ ಮಗಳು ಅತ್ತುಬಿಟ್ಟಳು: 'ಅಣ್ಣಾ, ನಿನ್ನ ಫೋನು ಅವರ ಕೈಗೆ ಸಿಕ್ಕಿದೆಯಾ? ಕ್ಷೇಮವಾಗಿದ್ದರೆ ಒಂದು ಚುಕ್ಕೆ ಹಾಕು.' ಮಾಮ ಒಂದು ಚುಕ್ಕೆ ಹಾಕಿದ. ಅದನ್ನು ನೋಡಿ ಅವಳು ಇನ್ನೂ ಹೆದರಿದಳು. ಭಾವಮೈದುನ ಮಾತ್ರ ಗಂಭೀರವಾಗಿ ಬರೆದ: 'ಒತ್ತಾಯಕ್ಕೆ ಬರೀತಿದ್ದೀರಿ ಅಂತ ಗೊತ್ತು ಭಾವ. ಎಲ್ಲರಿಗೂ ತಿಳಿಸಿದ್ದೇನೆ.'

ಸಂಜೆ ಐದಕ್ಕೆ ಎರಡು ಬೀದಿಯವರೂ ಲಾಂಡ್ರಿಯ ಮುಂದೆ ನೆರೆದರು. ಎಲ್ಲರ ಕಾಲರೂ ಹೊರಕ್ಕೆ ಮಗುಚಿತ್ತು. ಮೇಲಿನ ಬೀದಿಯವರ ಮುಂದೆ ಮೇಷ್ಟ್ರು, ಕೆಳಗಿನ ಬೀದಿಯವರ ಮುಂದೆ ಔಷಧಿ ಅಂಗಡಿಯವರು. ನಡುವೆ ಇಸ್ತ್ರಿಯವನು. ನಮ್ಮ ಅಂಗಿಗೆ ಗುರುತು ಹಾಕಿದ ಎಂದು ಅವನ ಎಡತೋಳು ಹಿಡಿದವರು ಮೇಲಿನ ಬೀದಿಯವರು. ನಮ್ಮ ಮನೆಗಳನ್ನು ಅವರಿಗೆ ತೋರಿಸಿಕೊಟ್ಟ ಎಂದು ಬಲತೋಳು ಹಿಡಿದವರು ಕೆಳಗಿನ ಬೀದಿಯವರು.

ಯಾರೋ ಕಾಲರಿಗೆ ಕೈ ಹಾಕಿ ಜಗ್ಗಿದರು. ಇಸ್ತ್ರಿಯವನ ಅಂಗಿಯ ಗುಂಡಿಯೊಂದು ಕಿತ್ತು, ಉರುಳಿಕೊಂಡು ಬಂದು ಮಾಮನ ಕಾಲ ಬಳಿ ನಿಂತಿತು.

ಲಾಂಡ್ರಿಯಲ್ಲಿ ಯಾರ ಗುಂಡಿ ಬಿದ್ದರೂ ಹುಡುಕಿ ಹೊಲಿದು ಕೊಡುವುದು ಹದಿನೆಂಟು ವರ್ಷದಿಂದ ಇಸ್ತ್ರಿಯವನ ಕೆಲಸ. ಅಲ್ಲಿ ನಿಂತಿದ್ದ ಅಷ್ಟೂ ಅಂಗಿಗಳಲ್ಲಿ ಅವನ ಸೂಜಿ ಆಡದ ಅಂಗಿ ಇರಲಿಲ್ಲ. ಮಾಮ ಗುಂಡಿ ಎತ್ತಿಕೊಂಡ. ಹೇಗೆ ಸ್ಟೂಲು ಹತ್ತಿದನೋ ಅವನಿಗೇ ತಿಳಿಯಲಿಲ್ಲ.

"ಬಿಡ್ರಿ ಅವನನ್ನ! ಗುರುತು ಹಾಕಿದ್ದು ನಾನು!"

ಗದ್ದಲ ನಿಂತಿತು. ದೊಣ್ಣೆ ಇಸ್ತ್ರಿಯವನನ್ನು ಬಿಟ್ಟು ಮಾಮನ ಕಡೆ ತಿರುಗಿತು. ಆದರೂ ಮಾಮನ ಬಾಯಿ ನಿಲ್ಲಲಿಲ್ಲ. ಶಾಯಿ ಬಾಟಲಿ ತೋರಿಸಿದ. ಪುಸ್ತಕ ಬಿಡಿಸಿದ.

"ಮೇಷ್ಟ್ರೇ, ನಿಮ್ಮ ಮನೆಗೆ ಮೂರು ಚುಕ್ಕೆ, ಒಂದು ಗೆರೆ. ಬಾಲ ಬಂದಿದ್ದು ನನಗೆ ಸೀನು ಬಂದು. ಔಷಧಿ ಅಂಗಡಿಯವ್ರೇ, ನಿಮಗೆ ಸೊನ್ನೆ, ಅದರೊಳಗೆ ಚುಕ್ಕೆ. ನಂದು ಇಲ್ನೋಡಿ, ಎರಡು ಚುಕ್ಕೆ. ಇವನದು ಒಂದು ಕೊಕ್ಕೆ. ಬಟ್ಟೆ ಒಂದರ ಜೊತೆ ಒಂದು ಸೇರಿ ಕಳೆದುಹೋಗಬಾರ್ದಲ್ಲ ಸ್ವಾಮಿ, ಅದಕ್ಕೆ ಗುರುತು. ಇಷ್ಟೇ! ಇದಕ್ಕೆ ಒಬ್ಬ ಬಡಪಾಯೀನ ಕೊಲ್ತೀರಾ?"

ಜನ ಒಬ್ಬರ ಕಾಲರನ್ನೊಬ್ಬರು ನೋಡಿ, ಪುಸ್ತಕದೊಂದಿಗೆ ತಾಳೆ ಹಾಕಿದರು. ಎಲ್ಲವೂ ಸರಿಯಾಗಿತ್ತು. ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಮೇಷ್ಟ್ರೇ ನಕ್ಕರು.

"ಸೀನು ಬಂದಿದ್ದಕ್ಕೆ ಊರೇ ಹತ್ತಿಕೊಳ್ತಿತ್ತಲ್ಲಯ್ಯಾ!"

ಇಸ್ತ್ರಿಯವನ ತೋಳು ಬಿಟ್ಟರು. ಎಳೆದವನೇ ಅವನ ಅಂಗಿಯನ್ನು ನೇವರಿಸಿ ಸರಿಮಾಡಿದ. ದೊಣ್ಣೆಯವನು ದೊಣ್ಣೆಯನ್ನು ಬೆನ್ನ ಹಿಂದೆ ಮಾಡಿಕೊಂಡ. ನಿಜಕ್ಕೆ ಇಷ್ಟು ಬೆಲೆಯಿದೆ ಎಂದು ಗೊತ್ತಿದ್ದರೆ ಬೆಳಗ್ಗೆಯೇ ಹೇಳುತ್ತಿದ್ದೆನಲ್ಲ ಎಂದುಕೊಂಡು ಮಾಮ ಸ್ಟೂಲಿನಿಂದ ಒಂದು ಕಾಲು ಕೆಳಗಿಟ್ಟ.

"ಒಂದ್ನಿಮಿಷ" ಎಂದರು ಔಷಧಿ ಅಂಗಡಿಯವರು. ಚೀಟಿಯ ಮೇಲಿನ ಸಣ್ಣಕ್ಷರವನ್ನೂ ಬಿಡದೆ ಓದುವ ಮನುಷ್ಯ. "ಬಟ್ಟೆ ಒಂದರ ಜೊತೆ ಒಂದು ಸೇರಿ ಅಂದ್ರಲ್ಲ. ಯಾವುದರ ಜೊತೆ ಯಾವುದು?"

ಮಾಮನ ಇನ್ನೊಂದು ಕಾಲು ಸ್ಟೂಲಿನ ಮೇಲೇ ಉಳಿಯಿತು.

"ಅಂದ್ರೆ... ಬಿಳಿ ಜೊತೆ ಬಿಳಿ. ಬಣ್ಣದ ಜೊತೆ ಬಣ್ಣ."

"ಅದಲ್ಲ. ಅವರ ಬಟ್ಟೆ, ನಮ್ಮ ಬಟ್ಟೆ?"

"ಬೇರೆ ಬೇರೆ ತೊಟ್ಟಿ ಇದೆ ತಾನೇ?" ಎಂದರು ಮೇಷ್ಟ್ರು.

ಇದ್ದದ್ದು ಒಂದೇ ತೊಟ್ಟಿ. ಒಂದು ಸುಳ್ಳು ಸಾಕಿತ್ತು. ಆದರೆ ಆಗಷ್ಟೇ ನಿಜ ಹೇಳಿ ಬದುಕಿಕೊಂಡವನಿಗೆ ಅದರ ರುಚಿ ಹತ್ತಿತ್ತು.

"ಒಂದೇ ತೊಟ್ಟಿ ಸಾರ್. ಇಪ್ಪತ್ತೆರಡು ವರ್ಷದಿಂದ."

ಬೆಳಗ್ಗೆಯಿಂದ ಯಾವ ಸುಳ್ಳಿಗೂ ಬೀಳದ ಮೌನ ಆ ನಿಜಕ್ಕೆ ಬಿತ್ತು. ಮೇಷ್ಟ್ರು ಕಾಲರಿನಿಂದ ಕುತ್ತಿಗೆಯನ್ನು ದೂರ ಸರಿಸಲು ನೋಡಿದರು. ಯಾರೋ ಹೆಂಗಸು "ಥೂ" ಎಂದರು. ಯಾವ ಬೀದಿಯವರೆಂದು ತಿಳಿಯಲಿಲ್ಲ. ಎರಡೂ ಬೀದಿಯವರು ಮೊದಲ ಸಲ ಒಂದೇ ಸಾಲಿನಲ್ಲಿ ನಿಂತು, ಮಾಮನ ಪುಸ್ತಕ ನೋಡಿ ತಂತಮ್ಮ ಬಟ್ಟೆ ಆರಿಸಿಕೊಂಡರು. ಒಗೆದದ್ದು, ಒಗೆಯದ್ದು, ಒದ್ದೆ, ಒಣಗಿದ್ದು, ಎಲ್ಲ. ಗುರುತುಗಳು ಎಷ್ಟು ಕರಾರುವಾಕ್ಕಾಗಿದ್ದವೆಂದರೆ ಒಂದೇ ಒಂದು ಕರವಸ್ತ್ರವೂ ಅದಲುಬದಲಾಗಲಿಲ್ಲ. ಮೇಷ್ಟ್ರೂ ಔಷಧಿ ಅಂಗಡಿಯವರೂ ಪಕ್ಕಪಕ್ಕದಲ್ಲೇ ನಿಂತು ಒಂದು ಫೋನಿನ ಮೇಲೆ ಬಗ್ಗಿ ಏನೋ ಬರೆದರು.

ಕತ್ತಲಾಗುವ ಹೊತ್ತಿಗೆ ಅಂಗಡಿಯಲ್ಲಿ ಗೂಟಗಳೂ ಇವರಿಬ್ಬರೂ ಉಳಿದರು.

"ನಾಳೆ ಬರ್ಲಾ ಅಣ್ಣಾ?"

"ಬಾ. ನಿಂದೊಂದು ಅಂಗಿ, ನಂದೊಂದು ಅಂಗಿ ಇದೆಯಲ್ಲ" ಎಂದು ಮಾಮ ಗುಂಡಿಯನ್ನು ಅವನ ಕೈಗೆ ಕೊಟ್ಟ. ಇಸ್ತ್ರಿಯವನು ಸಣ್ಣಗೆ ನಕ್ಕ. ಅಂಗಡಿ ಹೋದರೂ ಮನುಷ್ಯ ಉಳಿದ ಎಂಬ ಒಂದೇ ಸಮಾಧಾನ ಕಟ್ಟಿಕೊಂಡು ಮಾಮ ಮನೆಗೆ ನಡೆದ.

ಹೆಂಡತಿ ಬಾಗಿಲಲ್ಲೇ ತನ್ನ ಫೋನು ಹಿಡಿದು ನಿಂತಿದ್ದಳು.

"ಒಂದೇ ತೊಟ್ಟಿ ಅಂತಲ್ಲ. ನಿಜಾನಾ?"

"ನಿಜ."

"ನನ್ನ ಬಟ್ಟೆನೂ?"

"ಹೂಂ."

"ಆ ಇಸ್ತ್ರಿಯವನದೂ?"

"ಹದಿನೆಂಟು ವರ್ಷದಿಂದ."

ಅವಳು ಬಚ್ಚಲಿಗೆ ಹೋದಳು. ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿಸಿತು. "ಮೈಮೇಲಿರೋದನ್ನೂ ಬಿಚ್ಚಿ ಅಲ್ಲೇ ಹೊರಗೆ ಹಾಕಿ" ಎಂದಳು ಒಳಗಿನಿಂದ.

ಮಾಮ ಅಂಗಿ ಬಿಚ್ಚಿ ಹೊಸ್ತಿಲಾಚೆ ಹಾಕಿ, ಬರಿಮೈಯಲ್ಲಿ ಕುರ್ಚಿಯ ಮೇಲೆ ಕೂತ. ಫೋನು ಟಿಣ್ ಎಂದಿತು. ಭಾವಮೈದುನನ ಸಂದೇಶ: 'ಇದನ್ನು ನೋಡಿ ಭಾವ. ಎರಡೂ ಕಡೆಯವರು ಸೇರಿ ಬರೆದಿದ್ದಾರೆ, ಹಾಗಾಗಿ ಇದು ಮಾತ್ರ ನಂಬಬಹುದು. ತಪ್ಪದೆ ಹತ್ತು ಜನಕ್ಕೆ ಕಳಿಸಿ.' ಕೆಳಗೆ ಲಾಂಡ್ರಿಯ ಚಿತ್ರ, ಮಾಮನ ಚಿತ್ರ, ತೊಟ್ಟಿಯ ಚಿತ್ರ.

ಈ ಸಲ ಮಾಮ ಕನ್ನಡಕ ಹಾಕಿಕೊಂಡೇ ಓದಿದ. ಎರಡು ಸಲ ಓದಿದ. ಒಂದಕ್ಷರವೂ ಸುಳ್ಳಿರಲಿಲ್ಲ.