ದೇಸಾಯರನ್ನು ಕೊಂದವರು ಯಾರು?

ಹಲಗೆಯ ಕೆಳತುದಿಯಲ್ಲಿ ಒಂದು ಸಾಲಿನಷ್ಟು ಜಾಗ ಉಳಿದದ್ದೇ ಎಲ್ಲ ಅನರ್ಥಕ್ಕೂ ಕಾರಣವಾಯಿತು.

ಸಾವಿರದ ಒಂಬೈನೂರ ಮೂವತ್ತೇಳರ ಮಾತು. ಗೋಕಾಕದ ಪೇಟೆಯಲ್ಲಿ ಕೇದಾರಿ ಪುಸ್ತಕದ ಅಂಗಡಿ ಇಟ್ಟು ಆರು ವರುಷವಾಗಿತ್ತು. ಅಂಗಡಿ ಕುಂಟುತ್ತ ನಡೆದಿತ್ತು. ಹುಕ್ಕೇರಿಯ ಮಾವ ಬಂದಾಗಲೆಲ್ಲ, “ಅಳಿಯಂದ್ರ, ಇದನ್ನ ಮುಚ್ಚಿ ನಮ್ಮ ಬೆಲ್ಲದ ಅಂಗಡಿಗೆ ಬಂದ ಕುಂಡ್ರ್ರಿ. ಬೆಲ್ಲಕ್ಕ ಇರಿವಿನಾದ್ರೂ ಮುತ್ತತಾವ, ಅಕ್ಷರಕ್ಕ ಯಾವ ಪ್ರಾಣಿನೂ ಮುತ್ತಂಗಿಲ್ಲ” ಎನ್ನುತ್ತಿದ್ದ.

ಆದರೆ ಒಂದು ಪುಸ್ತಕಕ್ಕೆ ಮಾತ್ರ ಊರು ಮುತ್ತಿತ್ತು. ‘ಬೆಳ್ಳಿ ಲೋಟದ ರಹಸ್ಯ’ ಎಂಬ ಪತ್ತೇದಾರಿ ಕಾದಂಬರಿ ಅದು. ಕತೆಯಲ್ಲಿ ಒಬ್ಬ ದೇಸಾಯರು ಒಳಗಿನಿಂದ ಅಗಳಿ ಹಾಕಿದ ಕೋಣೆಯಲ್ಲಿ ಹಾಲು ಕುಡಿದು ಸತ್ತು ಬಿದ್ದಿರುತ್ತಾರೆ. ಹಾಲಿನಲ್ಲಿ ವಿಷ. ಹಾಲು ಕಾಸಿದವನು ಅಡಿಗೆಯವನು, ಅದರಲ್ಲಿ ಔಷಧ ಕಲಸಿದವನು ವೈದ್ಯ, ಲೋಟವನ್ನು ಕೈಗೆ ಕೊಟ್ಟವಳು ದೇಸಾಯರ ಅತ್ತೆ. ಮೂವರಲ್ಲಿ ಕೊಂದವರು ಯಾರು? ಎರಡು ಭಾಗ ಓದಿದರೂ ತಿಳಿಯುವುದಿಲ್ಲ. ಮೂರನೆಯ ಭಾಗ ಒಂದೂವರೆ ವರುಷದಿಂದ ‘ಅಚ್ಚಿನಲ್ಲಿದೆ’.

ಧಾರವಾಡದ ಕಡೆ ಗ್ರಂಥಕರ್ತರನ್ನು ಕರೆಸಿ ಭಾಷಣ ಮಾಡಿಸುತ್ತಾರೆಂದು ಕೇದಾರಿ ಯಾರಿಂದಲೋ ಕೇಳಿದ್ದ. ಈ ಕಾದಂಬರಿ ಬರೆದ ಅಣ್ಣಾಸಾಹೇಬರು ಬೆಳಗಾವಿಯ ಕೋರ್ಟಿನಲ್ಲಿ ಕಾರಕೂನರು. ಕೇದಾರಿ ಕಾಗದ ಬರೆದ. “ಬರುವ ರವಿವಾರ ಬರುವೆನು, ನಾಲ್ಕು ಮಾತು ಆಡುವೆನು” ಎಂದು ಉತ್ತರ ಬಂತು. ಕೇದಾರಿ ಹಿಗ್ಗಿ, ಅಂಗಡಿಯ ಮುಂದಿನ ಕರಿ ಹಲಗೆಯ ಮೇಲೆ ಅದನ್ನೇ ದುಂಡಗೆ ಬರೆದ. ಬರೆದು ಮುಗಿಸಿದಾಗ ಕೆಳಗೆ ಒಂದು ಸಾಲಿನ ಜಾಗ ಉಳಿಯಿತು, ಕೈಯಲ್ಲಿ ಬಳಪವೂ ಉಳಿಯಿತು. ಹೊಲದಲ್ಲಿ ಒಂದು ಸಾಲು ಬಿತ್ತದೆ ಬಿಟ್ಟ ರೈತನ ಹಾಗೆ ಅವನ ಜೀವ ಚಡಪಡಿಸಿತು. ಹಿಂದೆ ಮುಂದೆ ನೋಡದೆ ಬರೆದೇಬಿಟ್ಟ: “ದೇಸಾಯರನ್ನು ಕೊಂದವರು ಯಾರೆಂಬುದನ್ನು ಸ್ವತಃ ಹೇಳುವರು.”

ಹೀಗೆ ಹೇಳುವುದಾಗಿ ಅಣ್ಣಾಸಾಹೇಬರು ಬರೆದಿರಲೇ ಇಲ್ಲ.

ರವಿವಾರ ಬೆಳಗಾಯಿತು. ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಪಕ್ಕದ ಕಂಬಳಿ ಅಂಗಡಿಯ ಬೀರಸಿದ್ದಪ್ಪ ಹಲಗೆಯ ಮುಂದೆ ನಿಂತಿದ್ದ.

“ಏನೋ ಕೇದಾರಿ, ಗ್ರಂಥ ಬರದಾಂವ ಖರೇನ ಬರ್ತಾನ? ಜೀವಂತ ಅದಾನೇನು?”

“ಜೀವಂತ ಇರಲಾರದ ಕಾಗದ ಬರೀತಾರೇನು?”

“ಹಂಗಲ್ಲೋ. ಗ್ರಂಥ ಬರಿಯಾವ್ರೆಲ್ಲಾ ಹಿಂದಕ ಆಗಿ ಹೋದವ್ರು ಅಂತ ತಿಳದಿದ್ನಿ. ಇರಲಿ. ನೀ ಒಂದ ಉಪಕಾರ ಮಾಡು. ಕೊಂದಾಕಿ ಅತ್ತಿನ ಅಂತ ಅವರ ಬಾಯಿಲೆ ಹೇಳಸು. ನಮ್ಮತ್ತಿ ಮಮದಾಪುರದಿಂದ ಬಂದು ನಾಕ ತಿಂಗಳಾತು. ಆ ಪುಸ್ತಕ ಓದಿದಾಗಿಂದ ಆಕಿ ಕೈಯಾನ ಹಾಲು ನಾ ಕುಡದಿಲ್ಲ. ‘ಅತ್ತಿನ’ ಅಂತ ಒಂದ ಮಾತು ಅಂದ್ರ ಸಾಕು, ಆಕಿನ್ನ ಊರಿಗೆ ಕಳಸಾಕ ನನಗೊಂದು ಆಧಾರ ಸಿಗತೈತಿ.”

ಅವನು ಆಚೆ ಹೋದನೋ ಇಲ್ಲವೋ, ಅವನ ಅತ್ತೆ ಉದ್ದವ್ವ ಕೋಲೂರಿಕೊಂಡು ಬಂದಳು.

“ತಮ್ಮಾ, ಆ ದೇಸಾಯರ ಅತ್ತಿ ಪುಣ್ಯವಂತಿ. ಆಕಿನ್ನ ಕೊಲೆಗಾರ್ತಿ ಅಂದ್ರ ಈ ಊರಾಗ ಒಬ್ಬ ಅಳಿಯಾನೂ ಒಬ್ಬ ಅತ್ತಿನ್ನ ಮನ್ಯಾಗ ಇಟಗೊಳ್ಳಂಗಿಲ್ಲ. ನಾ ಹೆಣಮಕ್ಕಳನ್ನ ಕರಕೊಂಡ ಬಂದು ಮುಂದಿನ ಸಾಲಿನ್ಯಾಗ ಕುಂಡ್ರಾಕಿ. ನೆನಪಿರ್ಲಿ.”

ಬಳಿಕ ಬಂದವನು ಊರಿನ ವೈದ್ಯ ಸೋಮಪ್ಪ. ಬಂದವನೇ ಕೇದಾರಿಯ ನಾಡಿ ಹಿಡಿದ.

“ಪಿತ್ತ ಏರೇತಿ. ವೈದ್ಯನ ಕೊಂದಾನ ಅಂತ ಅವರು ಅಂದ್ರ ನನ್ನ ಕಷಾಯ ಯಾರು ಕುಡದಾರು? ನಿನಗ ಮೈಯಾಗ ಅರಾಮಿಲ್ಲದಾಗ ಯಾರು ಓಡಿ ಬರ್ತಾರ ಅನ್ನೂದು ಒಂದೀಟ ವಿಚಾರ ಮಾಡಪಾ.”

ಕೊನೆಗೆ ಬಂದವನು ಲಗ್ನದ ಅಡಿಗೆಯ ಹಣಮಂತ. ಅವನು ಮಾತು ಬೆಳೆಸಲಿಲ್ಲ. “ಬರೂ ತಿಂಗಳ ನಿನ್ನ ತಂಗಿ ಲಗ್ನ. ಆರನೂರು ಮಂದಿ. ಸಾರಿನ ಹಂಡೆ ನನ್ನ ಕೈಯಾಗಿರ್ತೈತಿ” ಎಂದಷ್ಟೇ ಹೇಳಿ, ಹಲಗೆಯನ್ನು ಒಮ್ಮೆ ನೋಡಿ, ಹೊರಟುಹೋದ.

ಕೇದಾರಿಗೆ ಈಗ ನಿಜವಾಗಿಯೂ ಪಿತ್ತವೇರಿತು. ಒಬ್ಬರ ಹೆಸರು ಬಂದರೆ ನೆರೆಯವರ ಸ್ನೇಹ ಹೋಗುವುದು, ಇನ್ನೊಬ್ಬರ ಹೆಸರು ಬಂದರೆ ಔಷಧ ಹೋಗುವುದು, ಮೂರನೆಯವರ ಹೆಸರು ಬಂದರೆ ತಂಗಿಯ ಲಗ್ನದ ಊಟವೇ ಹೋಗುವುದು. ಆದರೂ ಒಳಗೊಳಗೆ ಅವನಿಗೂ ಕುತೂಹಲ ತಡೆಯದಾಗಿತ್ತು. ಕೊಂದವರು ಯಾರಾದರಾಗಲಿ, ಎಲ್ಲರಿಗಿಂತ ಒಂದು ತಾಸು ಮೊದಲು ತನಗೆ ತಿಳಿಯಬೇಕು!

ಮಧ್ಯಾಹ್ನ ಗೋಕಾಕ ರೋಡ ಸ್ಟೇಶನ್ನಿನಿಂದ ಬಂದ ಸರ್ವೀಸ್ ಮೋಟಾರಿನಿಂದ ಅಣ್ಣಾಸಾಹೇಬರು ಇಳಿದರು. ಇಷ್ಟು ಕ್ರೂರವಾದ ಕೊಲೆ ಬರೆದವರು ಆರಡಿ ಎತ್ತರ, ಕೆಂಡದಂಥ ಕಣ್ಣು ಇರುವವರೆಂದು ಮಂದಿ ತಿಳಿದಿದ್ದರು. ಇಳಿದವರು ಒಣಗಿದ ನುಗ್ಗೆಕಾಯಿಯಂಥ ಒಬ್ಬ ಮನುಷ್ಯರು. ಎದುರಿಗೆ ಒಂದು ನಾಯಿ ಬೊಗಳಿದ್ದಕ್ಕೆ ಕೊಡೆ ಅಡ್ಡ ಹಿಡಿದು ಕೇದಾರಿಯ ಹಿಂದೆ ಅಡಗಿದರು.

“ಇಂವಾ ಏನ್ರಿ ದೇಸಾಯರನ್ನ ಕೊಲ್ಲಿಸಿದಾಂವ?” ಎಂದು ಯಾರೋ ಬೇಸರದಿಂದ ಕೇಳಿದರು.

ಅಂಗಡಿಯ ಹಿಂದೆಯೇ ಮನೆ. ಕೇದಾರಿಯ ಹೆಂಡತಿ ಇಂದ್ರವ್ವ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಎರಡನೆಯ ರೊಟ್ಟಿಯ ಹೊತ್ತಿಗೆ ಕೇದಾರಿ ಹತ್ತಿರ ಸರಿದ.

“ನನಗಷ್ಟ ಹೇಳ್ರಿ. ವೈದ್ಯನೋ, ಅಡಿಗಿಯಾಂವನೋ, ಅತ್ತಿನೋ?”

ಅಣ್ಣಾಸಾಹೇಬರ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಖರೆ ಹೇಳ್ಲೇನ್ರಿ? ನನಗೂ ಗೊತ್ತಿಲ್ಲ.”

“ಅಂದ್ರ?”

“ಮೊದಲನೇ ಭಾಗದಾಗ ಕೊಂದ್ನಿ. ಎರಡನೇ ಭಾಗದಾಗ ಮೂವರ ಮ್ಯಾಲೂ ಸಂಶೆ ತಂದ್ನಿ. ಮೂರನೇದಕ್ಕ ಬಂದಾಗ ನೋಡ್ತೇನಿ, ಬಾಗಲಕ್ಕ ಒಳಗಿಂದ ಅಗಳಿ ಹಾಕೇನಿ! ಯಾರು ಹಾಕಿದ್ರು, ಹೆಂಗ ಹಾಕಿದ್ರು, ನನಗ ತಿಳಿವಲ್ದು. ಒಂದೂವರಿ ವರ್ಷಾತು. ನಿಮ್ಮ ಊರಾಗ ಓದಿದವರು ಭಾಳ ಅದಾರ ಅಂತ ಬರದಿದ್ರಿ. ಯಾರಾದ್ರೂ ಏನಾದ್ರೂ ಹೇಳಿಯಾರು ಅಂತ ಆಸೆಲೆ ಬಂದೇನಿ.”

ಕೇದಾರಿ ಹಲಗೆಯ ಮೇಲಿನ ಕೊನೆಯ ಸಾಲನ್ನಾದರೂ ಅಳಿಸಬೇಕೆಂದು ಎದ್ದು ಹೊರಗೆ ಓಡಿದ. ಅಂಗಡಿಯ ಮುಂದೆ ಹಲಗೆಯೇ ಕಾಣಿಸಲಿಲ್ಲ. ಬರೇ ತಲೆಗಳು ಕಾಣಿಸುತ್ತಿದ್ದವು. ಅಂಕಲಗಿಯಿಂದ ಎರಡು ಚಕ್ಕಡಿ ತುಂಬ ಮಂದಿ ಬಂದಿದ್ದರು. ಬೀರಸಿದ್ದಪ್ಪನ ಕಂಬಳಿಗಳನ್ನೆಲ್ಲ ಹಾಸಿಕೊಂಡು ಕುಳಿತಿದ್ದರು. ಹಲಗೆಯನ್ನು ಯಾರೋ ಎತ್ತಿ, ಹಿಂದಿನವರಿಗೂ ಕಾಣಲೆಂದು ಬೇವಿನ ಮರಕ್ಕೆ ಕಟ್ಟಿದ್ದರು.

ಕುರ್ಚಿ, ನೀರು, ಮೇಜಿನ ವ್ಯವಸ್ಥೆ ಮಾಡಿ ಕೇದಾರಿ ಒಳಗೆ ಬರುವಷ್ಟರಲ್ಲಿ ಅರ್ಧ ತಾಸು ಕಳೆಯಿತು. ಅಣ್ಣಾಸಾಹೇಬರು ಕರದಂಟು ಮೆಲ್ಲುತ್ತ ಆರಾಮಾಗಿ ಕುಳಿತಿದ್ದರು. ಇಂದ್ರವ್ವ ಒಳಗೆ ಪಾತ್ರೆ ಎತ್ತಿಡುತ್ತಿದ್ದಳು.

“ಮಂದಿ ಕಾಯಾಕತ್ತಾರ. ಏನ್ ಹೇಳೋರು?” ಎಂದ ಕೇದಾರಿ.

“ನಡೀರಿ, ನೋಡೂಣು” ಎಂದು ಅವರು ಕೊಡೆ ಹಿಡಿದು ಎದ್ದರು.

ನಾಲ್ಕು ಹೊಡೆಯಿತು. ಅಣ್ಣಾಸಾಹೇಬರು ಸಾಹಿತ್ಯದ ಮಹತ್ವದ ಬಗ್ಗೆ ಒಂದು ಮಾತು ಆಡಿದರು. ಎರಡನೆಯ ಮಾತಿಗೆ ಮಂದಿ ಬಿಡಲಿಲ್ಲ.

“ಮಹತ್ವ ಇರ್ಲಿ, ಕೊಂದಾವ್ರು ಯಾರು ಹೇಳ್ರಿ!”

ಎಡಕ್ಕೆ ಸೋಮಪ್ಪ ವೈದ್ಯನೂ ಅವನಿಂದ ಬದುಕಿ ಉಳಿದ ರೋಗಿಗಳೂ ಕುಳಿತಿದ್ದರು. ಬಲಕ್ಕೆ ಹಣಮಂತನೂ ಅವನ ಕೈಕೆಳಗಿನ ಆರು ಮಂದಿಯೂ. ಯಾವುದೋ ಲಗ್ನದ ಅಡಿಗೆಯಿಂದ ನೇರವಾಗಿ ಬಂದವರಂತೆ ಎಲ್ಲರ ಕೈಯಲ್ಲೂ ಸೌಟುಗಳಿದ್ದವು. ನಡುವೆ ಉದ್ದವ್ವನ ಹೆಣ್ಣುಮಕ್ಕಳ ಸೈನ್ಯ.

“ಈಗ ವೈದ್ಯನ ವಿಷಯ ತಗೊಂಡ್ರ...” ಎಂದರು ಅಣ್ಣಾಸಾಹೇಬರು. ಎಡಗಡೆ ಹತ್ತು ಮಂದಿ ಎದ್ದು ನಿಂತರು.

“ಅಲ್ಲ, ಅಡಿಗಿಯಾಂವ...” ಬಲಗಡೆ ಸೌಟುಗಳು ಮೇಲೆದ್ದವು.

“ಇನ್ನ ಅತ್ತಿ ಅಂದ್ರ...” ಉದ್ದವ್ವ ಕೋಲನ್ನು ಒಮ್ಮೆ ನೆಲಕ್ಕೆ ಕುಟ್ಟಿ ಕೆಮ್ಮಿದಳು. ಬೀರಸಿದ್ದಪ್ಪ ಹಿಂದಿನಿಂದ, “ಹೇಳ್ರಿ ಹೇಳ್ರಿ, ಅಂಜಬ್ಯಾಡ್ರಿ!” ಎಂದು ಕೂಗಿದ.

ಅಣ್ಣಾಸಾಹೇಬರ ಕಣ್ಣು ದಾರಿ ಹುಡುಕುತ್ತ ಅತ್ತ ಇತ್ತ ಅಲೆಯಿತು. ಇಡೀ ಸಭೆಯಲ್ಲಿ ಹಿಂದೆ ಮುಂದೆ ಯಾರೂ ಇಲ್ಲದೆ ಒಬ್ಬನೇ ನಿಂತವನೆಂದರೆ ನೀರಿನ ಚರಿಗೆ ಹಿಡಿದಿದ್ದ ಕೇದಾರಿ. ಅವರ ಬೆರಳು ಎದ್ದಿತು.

“ಕೊಂದಾಂವ ಪುಸ್ತಕದ ಅಂಗಡಿಯಾಂವ!”

ಸಭೆಯ ತಲೆಗಳೆಲ್ಲ ಕೇದಾರಿಯ ಕಡೆ ತಿರುಗಿದವು.

“ಮೊದಲನೇ ಭಾಗದಾಗ ದೇಸಾಯರ ವಾಡೇಕ ಒಬ್ಬಾಂವ ಪುಸ್ತಕದ ಗಂಟು ತಗೊಂಡ ಬರ್ತಾನ, ನೆನಪೈತೇನು? ದೇಸಾಯರು ಅವನ ಕಡಿಂದ ಹನ್ನೆರಡು ಪುಸ್ತಕ ಓದಾಕ ಅಂತ ಇಸಗೊಂಡಿದ್ರು. ಒಂದನ್ನೂ ತಿರುಗಿ ಕೊಡಲಿಲ್ಲ. ಅದಕ ಕೊಂದ!”

ಇದಕ್ಕಿಂತ ಬಲವಾದ ಕಾರಣ ಯಾರಿಗೂ ಹೊಳೆಯುವಂತಿರಲಿಲ್ಲ. ಮಂದಿ ಚಪ್ಪಾಳೆ ಹೊಡೆದರು. ವೈದ್ಯನೂ ಹಣಮಂತನೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಬೀರಸಿದ್ದಪ್ಪನೊಬ್ಬನ ಮೋರೆ ಇಳಿದುಹೋಯಿತು. ಉದ್ದವ್ವ ಕೇದಾರಿಯ ಹತ್ತಿರ ಬಂದು ಕನಿಕರದಿಂದ, “ಪುಸ್ತಕಕ್ಕ ಯಾರಾದ್ರೂ ಜೀವ ತಗೀತಾರೇನು, ತಮ್ಮಾ? ಬಾಯಿ ಬಿಟ್ಟ ಕೇಳಿದ್ರ ಕೊಡತಿದ್ರು” ಎಂದಳು.

“ಎವ್ವಾ, ಅದು ಕತಿ! ನಾ ಯಾರನ್ನ ಕೊಂದೇನಿ?”

“ಹೂಂ, ಎಲ್ಲಾರೂ ಹಂಗ ಅಂತಾರ.”

ಮಂದಿ ಚದುರಿದರು. ಆದರೆ ಒಂದು ತಾಸಿನಲ್ಲೇ ಹೊಸ ಸೋಜಿಗ ಶುರುವಾಯಿತು. ಆರು ವರುಷದಲ್ಲಿ ಕೇದಾರಿಯಿಂದ ಪುಸ್ತಕ ಇಸಿದುಕೊಂಡು ಮರೆತವರೆಲ್ಲ ಒಬ್ಬೊಬ್ಬರಾಗಿ ಬಂದರು. ಯಾರೂ ಒಳಗೆ ಬರಲಿಲ್ಲ. ದೂರದಿಂದಲೇ ಮೆಟ್ಟಿಲ ಮೇಲೆ ಪುಸ್ತಕ ಇಟ್ಟು, “ಕೇದಾರಿ, ಇಟ್ಟೇನಿ ನೋಡಪಾ” ಎಂದು ಸರಸರನೆ ನಡೆದರು. ಒಂದಕ್ಕೂ ಮೇಲುಹೊದಿಕೆ ಇರಲಿಲ್ಲ. ಒಂದರ ತುಂಬ ಮಸಾಲೆಖಾರದ ಬೆರಳಚ್ಚು. ಪಂಚಾಂಗ ಕೊಳ್ಳಲು ಬಂದ ಒಬ್ಬಳು ಕೇದಾರಿಯ ಮುಖ ನೋಡಿ, ಅವಸರದ ಕೆಲಸ ನೆನಪಾದವಳಂತೆ ತಿರುಗಿ ಹೋದಳು. ಬೀರಸಿದ್ದಪ್ಪ ಎರಡೂ ಅಂಗಡಿಗಳ ನಡುವೆ ಇದ್ದ, ತಾನು ಕೂರುವ ಬಾಕನ್ನು ಆಚೆಗೆ ಎಳೆದುಕೊಂಡ.

“ಆರು ವರ್ಷ ಬಾಜೂಕ ಕುಂತೇನಿ, ಒಂದೀಟಾದ್ರೂ ಗೊತ್ತಾಗಗೊಡ್ಲಿಲ್ಲ ನೋಡ” ಎಂದ. ಅವನು ಚೇಷ್ಟೆ ಮಾಡುತ್ತಿದ್ದಾನೋ ಇಲ್ಲವೋ ಕೇದಾರಿಗೆ ತಿಳಿಯಲಿಲ್ಲ.

ಅಣ್ಣಾಸಾಹೇಬರನ್ನು ಟಾಂಗಾದಲ್ಲಿ ಕೂರಿಸುವಾಗ ಕೇದಾರಿಯ ಸಹನೆ ತೀರಿತು.

“ಏನ್ರೀ ಸಾಹೇಬರ, ಉಂಡ ಮನಿಗೆ ಹಿಂಗ ಮಾಡೂದೇನು? ಅಂಗಡಿಗೆ ಇನ್ನ ಯಾರು ಬರ್ತಾರ? ಮೂರನೇ ಭಾಗಾನರ ಯಾರು ಕೊಳ್ತಾರ? ಕಡೀಕ ಏನಾತು ಅನ್ನೂದು ಎಲ್ಲಾರಿಗೂ ಗೊತ್ತಾತಲ್ಲ!”

“ಸಿಟ್ಟಾಗಬ್ಯಾಡ್ರಿ” ಎಂದು ಅವರು ಮೆಲ್ಲಗೆ ಬಗ್ಗಿದರು. “ಆ ಸೌಟು ನೋಡಿ ಬಾಯಿಗೆ ಬಂದದ್ದು ಅಂದೆ. ಮೂರನೇ ಭಾಗದಾಗ ನಿಮ್ಮ ಕುಲದವರು ಕೊಲ್ಲಂಗಿಲ್ಲ. ಖರೆ ಕೊಂದವರು ಯಾರು, ಒಳಗಿನ ಅಗಳಿ ಹೆಂಗ ಬಿತ್ತು, ಎಲ್ಲಾ ಇವತ್ತ ನನಗ ತಿಳೀತು. ಏನು ಬುದ್ಧಿ ಅಂತೀರಿ! ಒಂದೂವರಿ ವರ್ಷ ನಾ ತಲಿ ಕೆಡಸಕೊಂಡಿದ್ದು ಅರ್ಧ ತಾಸಿನ್ಯಾಗ ಬಿಡಿಸಿ ಇಟ್ರು.”

ಕೇದಾರಿ ಟಾಂಗಾದ ಗಾಲಿ ಹಿಡಿದುಕೊಂಡ. “ಯಾರು ಬಿಡಿಸಿದ್ರು? ಕೊಂದಾವ್ರು ಯಾರು?”

“ನಿಮ್ಮ ಮನಿಯವರು. ನನಗ ಬಡಸಕೋತ ಹೇಳಿದ್ರು. ‘ಪುಸ್ತಕ ಅಚ್ಚಾಗೂತನಾ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ನಮ್ಮ ಯಜಮಾನರ ಮುಂದಂತೂ ಬ್ಯಾಡ ಬ್ಯಾಡ, ಅವರ ಕೈಯಾಗ ಬಳಪ ಇರತೈತಿ’ ಅಂತ ಮಾತು ತಗೊಂಡಾರ. ನೀವೂ ಸುಮ್ಮ ಇರ್ರಿ. ಕೊಂದಾಂವ ಪುಸ್ತಕದ ಅಂಗಡಿಯಾಂವ ಅಲ್ಲ ಅಂದ್ರ ಆ ಮೂರೂ ಪಾರ್ಟಿ ಮತ್ತ ಎದ್ದು ನಿಲ್ತಾವ. ಒಂದ ವರ್ಷ ತಡೀರಿ.”

ಕುದುರೆ ಹೊರಟಿತು. ಕೇದಾರಿ ಬೀದಿಯ ನಡುವೆ ಬಾಯಿ ತೆರೆದು ನಿಂತ. ಎರಡೂ ಭಾಗಗಳನ್ನು ಅವನೇ ಮನೆಯಲ್ಲಿ ಗಟ್ಟಿಯಾಗಿ ಓದಿದ್ದ. ಇಂದ್ರವ್ವ ಜೋಳ ಹಸನು ಮಾಡುತ್ತ ಆಗೊಮ್ಮೆ ಈಗೊಮ್ಮೆ “ಹೂಂ” ಎಂದಿದ್ದಳು. ಆ “ಹೂಂ” ಜೋಳಕ್ಕೆ ಎಂದೇ ಅವನು ಇಷ್ಟು ದಿನ ನಂಬಿದ್ದ.

ಓಡುತ್ತ ಅಡಿಗೆಮನೆಗೆ ಬಂದ. ಅವಳು ಒಲೆಗೆ ಬೂದಿ ಮುಚ್ಚುತ್ತಿದ್ದಳು.

“ಇಂದ್ರಾ, ಯಾರು ಕೊಂದ್ರು?”

“ಮಾತು ಕೊಟ್ಟೇನ್ರಿ.”

“ಮಾತು ಕೊಟ್ಟಾವ್ರು ಅವರು. ನೀ ತಗೊಂಡಾಕಿ. ಹೇಳು!”

“ತಗೊಂಡಾವ್ರ ಮುರದ್ರ ಹೆಂಗ?” ಎಂದಳು ಅವಳು. ಗಂಡನ ಒದ್ದಾಟ ನೋಡಿ ಅವಳಿಗೆ ನಗೆ ತಡೆಯಲಾಗಲಿಲ್ಲ. “ನೀವು ಗಂಡಸರು ಹಾಲು ಕಾಸಿದಾವ್ರು ಯಾರು, ಕೊಟ್ಟಾವ್ರು ಯಾರು ಅಂತ ಬಡದಾಡಿದ್ರಿ. ಆ ಲೋಟ ತೊಳದಾವ್ರು ಯಾರು ಅಂತ ಒಬ್ಬರಾದ್ರೂ ಕೇಳಿದ್ರೇನು?” ಅಂದವಳೇ, ಹೆಚ್ಚಾಯಿತೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕೇದಾರಿ ಅಂಗಡಿಗೆ ಹಾರಿ ಎರಡೂ ಭಾಗಗಳನ್ನು ತಂದು, ಹೊಸ್ತಿಲ ಮೇಲೆ ಕುಳಿತು ಹಾಳೆ ತಿರುವಿದ. ದೀಪ ಹಚ್ಚುವ ಹೊತ್ತಿನವರೆಗೆ ತಿರುವಿದ. ನಾನೂರು ಪುಟಗಳಲ್ಲಿ ಮಂದಿ ಉಣ್ಣುತ್ತಿದ್ದರು, ಕುಡಿಯುತ್ತಿದ್ದರು, ಸಾಯುತ್ತಿದ್ದರು. ಒಂದು ಪಾತ್ರೆಯನ್ನಾದರೂ ತೊಳೆದವರು ಯಾರೂ ಇರಲಿಲ್ಲ.

“ಕೈ ಮುಗೀತೇನಿ. ಊರೆಲ್ಲಾ ನನ್ನ ಕೊಲೆಗಾರ ಅನ್ನಾಕತ್ತೈತಿ. ನನಗಷ್ಟ ಹೇಳಿಬಿಡು. ಯಾರು?”

ಇಂದ್ರವ್ವ ಅವನ ಕೈಯಿಂದ ಎರಡೂ ಪುಸ್ತಕ ತೆಗೆದುಕೊಂಡು, ಧೂಳು ಒರೆಸಿ, ಒಂದರ ಮೇಲೊಂದು ಇಟ್ಟಳು.

“ಮೂರನೇ ಭಾಗ ಬರ್ಲಿ,” ಎಂದಳು, “ಕೊಂಡ ಓದ್ರಿ.”