ನಾಲ್ಕು ಊರಿನ ಕರುಳು ಕಂಡವನು

ಇಲ್ಲಿರೋದು ಅಕ್ಷರಕ್ಷರವೂ ನಿಜ, ನಮ್ಮನೆ ದೇವರಾಣೆ. ಡಾಕ್ಟರು ಒಬ್ಬೊಬ್ಬರ ಹೊಟ್ಟೆ ನೋಡುತ್ತಾರೆ. ನಾನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಊರಿನ ಕರುಳನ್ನೇ ನೋಡಿದವನು! ಒಳಚರಂಡಿ ಪೈಪಿಗೆ ಕ್ಯಾಮೆರಾ ಬಿಟ್ಟು, ವ್ಯಾನಿನಲ್ಲಿ ಟೀವಿ ಮುಂದೆ ಕೂತು, ಎಲ್ಲಿ ಕಟ್ಟಿದೆ ಅಂತ ಹೇಳೋ ಕೆಲಸ. ಇದರಲ್ಲಿ ತಮಾಷೆಗೇನೂ ಬರವಿಲ್ಲ, ಮೂಗು ಮುಚ್ಚಿಕೊಂಡು ನಗಬೇಕು ಅಷ್ಟೆ.

೧. ಪೂಜೆ

ಕ್ಯಾಮೆರಾ ಬಂದ ದಿನ ರಾಮನಗರದಲ್ಲಿ ನಮ್ಮ ಕಂಟ್ರಾಕ್ಟರು ಅದಕ್ಕೆ ಭರ್ಜರಿ ಪೂಜೆ ಮಾಡಿದರು. ಆಮೇಲೆ ಪೈಪಿಗೆ ಬಿಟ್ಟೆ. ಟೀವಿ ತುಂಬ ಬರೀ ಕೆಂಪು.

"ಏನ್ಲಾ ಇದು, ಊರಿಗೇ ರಕ್ತಭೇದಿನಾ?" ಅಂದರು ಕಂಟ್ರಾಕ್ಟರು.

"ಒಳಗೆ ಭಾರೀ ಡ್ಯಾಮೇಜು ಸಾ, ರೋಡೇ ಅಗೀಬೇಕು" ಅಂತ ನಾನು ಘೋಷಿಸಿದೆ.

ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಮ್ಯಾನ್‌ಹೋಲಿಗೆ ಇಳಿಯುತ್ತಿದ್ದ ಆಳೊಬ್ಬ ಇದ್ದ. ಅವನು ಕ್ಯಾಮೆರಾ ಎಳೆದು, ಅದರ ಕಣ್ಣಿಗೆ ಇಟ್ಟಿದ್ದ ಕುಂಕುಮವನ್ನು ಹೆಗಲ ಟವೆಲಿನಲ್ಲಿ ಒರೆಸಿದ. ಆಮೇಲೆ ಮೆಲ್ಲಗೆ ಕೇಳಿದ: "ಇನ್ಮೇಲೆ ನಾನು ಇಳಿಯಂಗಿಲ್ವಾ ಸಾ?"

"ಇನ್ಮೇಲೆ ಇದೇ ಇಳೀತದೆ. ನೀನು ಮೇಲೆ ಕೂತು ಬೀಡಿ ಸೇದ್ಲಾ" ಅಂದರು ಕಂಟ್ರಾಕ್ಟರು.

ಮಾರನೇ ದಿನ ಬಿಳಿ ಪಂಚೆ ಉಟ್ಟು ಬಂದ. ಚರಂಡಿ ಕೆಲಸಕ್ಕೆ ಮದುವೆ ಗಂಡು ಬಂದಿದ್ದು ಅದೇ ಮೊದಲು.

೨. ಬಣ್ಣ

ಕನಕಪುರದ ಕಡೆ ಹೊಸದಾಗಿ ಎದ್ದಿದ್ದ ಒಂದು ಫ್ಯಾಕ್ಟರಿ. "ನಮ್ಮದು ಒಂದು ತೊಟ್ಟೂ ನಿಮ್ಮ ಲೈನಿಗೆ ಬರಲ್ಲ" ಅಂದರು ಓನರು. ಕ್ಯಾಮೆರಾ ಬಿಟ್ಟರೆ ಅವರದೇ ಪೈಪು, ಧೋ ಅಂತ ನೀಲಿ ನೀರು!

"ನಿಮ್ಮ ಟೀವಿ ಕಲರ್ ಸರಿ ಇಲ್ಲ ಕಣ್ರಿ."

ಕಂಟ್ರಾಕ್ಟರು ಅವರ ಜೊತೆ ಒಳಗೆ ಹೋಗಿ ಕಾಫಿ ಕುಡಿದು ಬಂದರು. ಕಾಫಿ ಸ್ಟ್ರಾಂಗ್ ಇತ್ತು ಅಂತ ಕಾಣುತ್ತೆ. ಕ್ಯಾಮೆರಾ ಎರಡು ತಿಂಗಳು ರಿಪೇರಿಗೆ ಹೋಯಿತು. ಪಂಚೆ ಬಿಚ್ಚಿಟ್ಟು ಅವನು ಇಳಿದ. ಮೇಲೆ ಬಂದಾಗ ಎದೆಮಟ್ಟ ನೀಲಿ.

"ಇವನ ಕಲರೂ ಸರಿ ಇಲ್ಲ, ರಿಪೇರಿಗೆ ಕಳಿಸಿ" ಅಂದೆ. ಯಾರೂ ಕಳಿಸಲಿಲ್ಲ.

೩. ಫಾರಿನ್ ಮಾಲು

ರಿಪೇರಿಯಾಗಿ ಬಂದ ಕ್ಯಾಮೆರಾ ಚನ್ನಪಟ್ಟಣದಲ್ಲಿ, ಮ್ಯಾನ್‌ಹೋಲಿನ ತಳದಲ್ಲೇ, ಬೊಂಬೆ ಕಡೆಯೋರ ಮರದ ಹೊಟ್ಟಿನ ಕೆಸರಲ್ಲಿ ಸಿಕ್ಕಿಕೊಂಡಿತು. ನಾನು ಭೀಮಬಲದಲ್ಲಿ ಎಳೆದೆ. ವೈರೇ ಕಿತ್ತು ಬಂತು.

"ಫಾರಿನ್ ಮಾಲು ಕಣ್ಲಾ! ಇಳಿ, ಜೋಪಾನವಾಗಿ ಎತ್ಕೊಂಡು ಬಾ" ಅಂತ ಕಂಟ್ರಾಕ್ಟರು ಅವನಿಗೆ ಹೇಳಿದರು.

"ನಾನು ಇಳೀಬಾರ್ದು ಅಂತ್ಲೇ ಅಲ್ವಾ ಸಾ ಅದನ್ನ ತಂದಿದ್ದು?"

"ಇದೊಂದ್ಸಲ ಕಣ್ಲಾ."

ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದೆವು. ಒಸಿ ಹೊತ್ತಿಗೆ ಹಗ್ಗದ ಅಲುಗಾಟ ನಿಂತಿತು. ಗಾಬರಿಯಿಂದ ಎಳೆದರೆ, ಕಣ್ಣು ಮೇಲಾಗಿ ಬಂದ, ಕ್ಯಾಮೆರಾನ ಕೂಸಿನಂಗೆ ಅವುಚಿಕೊಂಡು. ಕಂಟ್ರಾಕ್ಟರು ಓಡಿಬಂದರು. "ಅವನು ಹೆಂಗವ್ನೆ?" ಅಂದರು. ಹಿಂದೆಯೇ, "ಅದು ಹೆಂಗೈತೆ?"

ನೀರು ಚಿಮುಕಿಸಿ ಗಾಳಿ ಹಾಕಿದೆವು. ಎಷ್ಟೋ ಹೊತ್ತಿಗೆ ಅವನು ಕಣ್ಣು ಬಿಟ್ಟ.

"ಸಾ, ಇನ್ಮೇಲೆ ಅದನ್ನ ಇಳಿಸಬ್ಯಾಡಿ. ಒಳಗೆ ಗಾಳಿನೇ ಇಲ್ಲ. ಪಾಪ, ಅದಕ್ಕೇನಾದ್ರೂ ಆಗ್ಬುಟ್ರೆ?"

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಕಂಟ್ರಾಕ್ಟರು ಮಾತ್ರ ನಗಲಿಲ್ಲ. "ದಿಟ ಕಣ್ಲಾ" ಅಂದು, ಕ್ಯಾಮೆರಾ ಒರೆಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಾರನೇ ದಿನದಿಂದ ಅವನೇ ಇಳಿದ.

ಇಷ್ಟರಲ್ಲಿ ನಾನು ಕೈಯಿಂದ ಸೇರಿಸಿದ್ದು ಒಂದೇ ಒಂದು ಸಣ್ಣ ಮಾತು. "ಅವನು ಹೆಂಗವ್ನೆ" ಅಂತ ಯಾರೂ ಕೇಳಿರಲಿಲ್ಲ.