ಕಾರಿಗೆ ವೈಫೈ ಹಿಡಿಯುವುದಿಲ್ಲವಂತೆ

ಕಾರು ಸರಿಮಾಡಲು ಹೋಗಿ, ಕಾರಿನ ಬಾಗಿಲನ್ನೂ ಮುಟ್ಟದೆ ವಾಪಸು ಬಂದ ದಿನಗಳು ನನ್ನ ಉದ್ಯೋಗದಲ್ಲಿ ಬೇಕಾದಷ್ಟಿವೆ. ಈಗೀಗ ಅಂಥದ್ದೇನೂ ಆಗದ ದಿನವೇ ನನಗೆ ಸಂಶಯ ಬರುತ್ತದೆ.

ಇಪ್ಪತ್ತೆರಡು ವರ್ಷ ನಾನು ಡೀಸೆಲ್ ಜೀಪುಗಳ ಅಡಿಯಲ್ಲಿ ಮಲಗಿ ಕೆಲಸ ಮಾಡಿದವನು. ಕೊನೆಗೆ ಬೆನ್ನಿನ ಡಿಸ್ಕ್ ಜಾರಿತು. "ಇನ್ನು ಗಾಡಿಯ ಅಡಿಗೆ ಹೋದರೆ ನಿಮ್ಮನ್ನು ಎಳೆದು ತೆಗೆಯಬೇಕಾದೀತು" ಎಂದರು ಡಾಕ್ಟರು. ಶೋರೂಮಿನ ಮ್ಯಾನೇಜರು ಕನಿಕರಪಟ್ಟು ನನ್ನ ಕೈಗೊಂದು ಲ್ಯಾಪ್‌ಟಾಪ್ ಕೊಟ್ಟು, ಎಲೆಕ್ಟ್ರಿಕ್ ಕಾರು ತೆಗೆದುಕೊಂಡವರ ಮನೆಗೆ ಹೋಗಿ ಬರುವ ಕೆಲಸಕ್ಕೆ ಹಾಕಿದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ನನ್ನ ಪಾಲಿಗೆ ಬಂದವು.

ಕಳೆದ ಮೇ ತಿಂಗಳಲ್ಲಿ ಕಂಪೆನಿಯವರು ಕಾರುಗಳಿಗೆ ಒಂದು ದೊಡ್ಡ ಅಪ್‌ಡೇಟ್ ಬಿಟ್ಟರು. ನಮ್ಮ ಗುಡ್ಡಗಳ ನಡುವೆ ಕಾರಿನೊಳಗಿನ ಸಿಮ್ಮಿಗೆ ನೆಟ್‌ವರ್ಕ್ ಸಿಗುವುದು ಅಷ್ಟರಲ್ಲೇ ಇದೆ. ಹಾಗಾಗಿ ಕಾರನ್ನು ಮನೆಯ ವೈಫೈಗೆ ಜೋಡಿಸಿ ಅದನ್ನು ಇಳಿಸಿಕೊಳ್ಳಬೇಕು. ಇಳಿಸಿಕೊಂಡ ಕಾರು ಮ್ಯಾನೇಜರ ಕಂಪ್ಯೂಟರಿನ ಮ್ಯಾಪಿನಲ್ಲಿ ಹಸಿರು ಚುಕ್ಕೆಯಾಗುತ್ತದೆ, ಉಳಿದವು ಕೆಂಪು. "ತಿಂಗಳ ಕೊನೆಗೆ ಒಂದೇ ಒಂದು ಕೆಂಪು ಕಂಡರೂ ಈ ಕೆಲಸ ಬೇರೆಯವರಿಗೆ ಹೋಗ್ತದೆ. ನನ್ನ ಕೈಯಲ್ಲಿಲ್ಲ ಮಾರಾಯ್ರೆ, ಮೇಲಿನವರ ಆರ್ಡರು. ನೀವು ಪುನಃ ವರ್ಕ್‌ಶಾಪಿಗೆ" ಎಂದರು ಅವರು. ವರ್ಕ್‌ಶಾಪು ಎಂದರೆ ಮತ್ತೆ ಗಾಡಿಯ ಅಡಿ. ಆ ಮಾತು ಕೇಳಿಯೇ ನನ್ನ ಬೆನ್ನಿನಲ್ಲಿ ಚಳಕು ಹೊಡೆಯಿತು.

ಸಿದ್ಧಕಟ್ಟೆಯ ಗುಡುಗು

ಸಿದ್ಧಕಟ್ಟೆಯ ಆ ಮನೆಯಲ್ಲಿ ಕಾರು ಮಗನದು, ವೈಫೈಯ ಸ್ವಿಚ್ಚು ಅಮ್ಮನದು. ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನ ಮೇಲೆ ಮೋಡ ಕಟ್ಟಿ ಗುಡುಗುವುದು, ಗುಡುಗಿದ ಕೂಡಲೇ ಮನೆಯ ಹಿರಿಯರು ಎದ್ದು ಟಿ.ವಿ., ಫ್ರಿಜ್ಜು, ಮಿಕ್ಸಿ ಎಲ್ಲದರ ಪ್ಲಗ್ಗು ಎಳೆಯುವುದು ಪದ್ಧತಿ. ಹೋದ ವರ್ಷ ಈ ಮನೆಯಲ್ಲಿ ಒಂದೇ ಸಿಡಿಲಿಗೆ ಟಿ.ವಿ.ಯೂ ಪಂಪೂ ಸುಟ್ಟಿದ್ದವು. ಅಂದಿನಿಂದ ಅಮ್ಮ ಗುಡುಗುವವರೆಗೂ ಕಾಯುವುದಿಲ್ಲ, ಮೋಡದ ಬಣ್ಣ ನೋಡಿಯೇ ಎಳೆಯುತ್ತಾರೆ.

ಅಪ್‌ಡೇಟ್ ಇಳಿಯಲು ನಲವತ್ತು ನಿಮಿಷ ಬೇಕು. ಮೊದಲ ದಿನ ಹನ್ನೆರಡನೇ ನಿಮಿಷಕ್ಕೆ ವೈಫೈ ಹೋಯಿತು. ಮರುದಿನ ಇಪ್ಪತ್ತಕ್ಕೆ. ನಾನು ಒಳಗೆ ಹೋಗಿ ನೋಡಿದರೆ ಗೋಡೆಯಲ್ಲಿ ವೈಫೈ ಬಾಕ್ಸೇ ಇಲ್ಲ.

"ಬಾಕ್ಸ್ ಎಲ್ಲುಂಟು ಅಮ್ಮ?"

"ಅಕ್ಕಿಯ ಡ್ರಮ್ಮಿನಲ್ಲಿ ಇಟ್ಟಿದ್ದೇನೆ. ಅಲ್ಲಿಗೆ ಸಿಡಿಲು ಬರುವುದಿಲ್ಲ."

ಸಿಡಿಲು ಬೆಳಿಗ್ಗೆ ಬರುವುದು ಕಡಿಮೆ. ಹಾಗಾಗಿ ಮೂರನೆಯ ದಿನ ಬೆಳಿಗ್ಗೆ ಆರೂವರೆಗೇ ಹೋಗಿ ಕೂತೆ. ಆಕಾಶ ಸ್ವಚ್ಛವಿತ್ತು. ಅಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಬಾಕ್ಸನ್ನು ಅಕ್ಕಿಯಿಂದ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿ ಹಾಕಿದರು. ಆಮೇಲೆ ಅಂಗಳದಲ್ಲಿ ಹಣೆಗೆ ಕೈ ಹಿಡಿದು ಮೇಲೆ ನೋಡುತ್ತಾ ನಿಂತರು. ತೊಂಬತ್ತು ಪರ್ಸೆಂಟ್ ಆಯಿತು, ತೊಂಬತ್ತೈದು ಆಯಿತು. ಆಗ ಬಜಪೆಯ ಕಡೆಯಿಂದ ಗುಡುಗುಡು ಎಂದು ಸದ್ದು ಬಂತು. ಅಮ್ಮ ಒಳಗೆ ಓಡಿದರು.

ನಾನು ಬೆನ್ನು ನೋವನ್ನೂ ಮರೆತು ಹಿಂದೆಯೇ ಓಡಿದೆ. "ಅಮ್ಮ, ಎಳೀಬೇಡಿ! ಅದು ವಿಮಾನ, ವಿಮಾನ!"

ಒಳಗಿನಿಂದ ಉತ್ತರ ಬಂತು: "ವಿಮಾನವೇ ಇರ್ಲಿ. ಬಿದ್ರೆ ಬೀಳುವುದು ಯಾರ ಮನೆ ಮೇಲೆ?"

ಹತ್ತು ಜನರ ಬಾಕ್ಸು

ಸಿದ್ಧಕಟ್ಟೆಯದ್ದು ಮತ್ತೆ ಮೊದಲಿಂದ ಹಾಕಿ ಅದೇ ದಿನ ಹಸಿರಾಯಿತು. ಮುಂದಿನದು ಮೂಡುಬಿದಿರೆಯ ಹತ್ತಿರದ ಒಂದು ಬ್ಯಾರಿ ಮುಸ್ಲಿಮರ ಮನೆ. ಗಂಡ ಸೌದಿಯ ದಮ್ಮಾಮಿನಲ್ಲಿ. ಹೆಂಡತಿಯೇ ಕಾರು ಓಡಿಸಿ ಮಕ್ಕಳನ್ನು ಶಾಲೆಗೆ ಬಿಟ್ಟು, ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಲ್ಲ ಸುಧಾರಿಸುವವಳು. ವೈಫೈ ಚೆನ್ನಾಗಿಯೇ ಇತ್ತು. ಕಾರನ್ನು ಮಾತ್ರ ಒಳಗೆ ಬಿಡುತ್ತಿರಲಿಲ್ಲ.

ಲ್ಯಾಪ್‌ಟಾಪ್ ತೆರೆದು ನೋಡಿದೆ. ಅದು ಹಳೆಯ ಬಾಕ್ಸು, ಪಟ್ಟಿಯಲ್ಲಿ ಹೆಸರಿರುವ ಹತ್ತೇ ಜನರನ್ನು ಹಿಡಿಯುವುದು. ಹತ್ತೂ ಭರ್ತಿಯಾಗಿತ್ತು.

"ಇದೆಲ್ಲ ಯಾರದ್ದು ಅಕ್ಕ?"

ಅವಳು ಒಂದೊಂದಾಗಿ ಹೇಳಿದಳು. ನಾಲ್ಕು ಅವರ ಮನೆಯವೇ. ಒಂದು ಎದುರಿನ ಟೈಲರಿನದು. ಒಂದು ಪಕ್ಕದ ಮನೆಯ ಹುಡುಗಿಯದು, ಪರೀಕ್ಷೆಗೆ ಓದುತ್ತಿದ್ದಾಳೆ. ಒಂದು ಮದರಸದ ಉಸ್ತಾದರದು, ಇನ್ನೆರಡು ರಿಕ್ಷಾದವರದು. ಹತ್ತನೆಯದು ಮೀನಿನವನದು.

"ಮೀನಿನವನದ್ದು ಯಾಕೆ?"

"ಅವನ ಫೋನಿಗೆ ಇಲ್ಲಿ ರೇಂಜ್ ಇಲ್ಲಣ್ಣ. ನಮ್ಮ ಗೇಟಿನ ಹತ್ರ ಸ್ಕೂಟರ್ ನಿಲ್ಲಿಸಿ ಎಲ್ಲರಿಗೂ ಫೋನ್ ಮಾಡ್ತಾನೆ, ಪಾಪ."

ಒಬ್ಬರನ್ನು ತೆಗೆಯದೆ ಕಾರಿಗೆ ಜಾಗವಿಲ್ಲ ಎಂದೆ. ಅವಳಿಗೆ ಸಂಕಟವಾಯಿತು. ಯಾರನ್ನು ತೆಗೆದರೂ ಅವರ ಮುಖ ನೋಡುವುದು ಹೇಗೆ? ಕೊನೆಗೆ ದಮ್ಮಾಮಿಗೆ ಫೋನ್ ಮಾಡಿದಳು. "ಊರಿನವರನ್ನು ಯಾರನ್ನೂ ತೆಗೆಯಬೇಡ. ಮನೆಯ ನಾಲ್ಕರಲ್ಲಿ ನನ್ನ ಫೋನೂ ಉಂಟಲ್ವಾ, ನಾನು ಅಲ್ಲಿಲ್ಲ, ಅದನ್ನು ತೆಗಿ" ಎಂದ ಅವನು.

ಅವಳು ಫೋನಿಟ್ಟು ತಲೆಯಾಡಿಸಿದಳು. "ಅವರದ್ದು ಬೇಡಣ್ಣ. ಎರಡು ವರ್ಷ ಆಯ್ತು ಹೋಗಿ. ಬಂದು ಬಾಗಿಲಿಗೆ ಮುಟ್ಟುವಾಗ ಫೋನು ತನ್ನಷ್ಟಕ್ಕೇ ಕನೆಕ್ಟ್ ಆಗ್ಬೇಕು." ನಾನು ಅವಳು ಕೊಟ್ಟ ಶರಬತ್ತನ್ನು ಒಂದೇ ಸಲಕ್ಕೆ ಕುಡಿದೆ. ಆಮೇಲೆ ಇಬ್ಬರೂ ಸೇರಿ ಮೀನಿನವನನ್ನು ತೆಗೆದೆವು. ಕಾರು ಒಳಗೆ ಹೋಯಿತು, ಚುಕ್ಕೆ ಹಸಿರಾಯಿತು.

ಮರುದಿನ ಬೆಳಿಗ್ಗೆಯೇ ಅವಳ ಫೋನು. "ಅಣ್ಣ, ಇವತ್ತು ಮೀನಿನವ ನಮ್ಮ ಗೇಟಿನ ಎದುರು ಹಾರ್ನೇ ಹಾಕದೆ ಹೋದ. ಅತ್ತೆ ಊಟಕ್ಕೆ ಕೂತುಕೊಳ್ಳುವುದಿಲ್ಲ ಅಂತ ಹೇಳ್ತಾರೆ. ಕಾರನ್ನು ತೆಗೆದು ಅವನನ್ನು ಹಾಕಿ."

ನೆರಿಯದಲ್ಲಿ ಸಿಕ್ಕಿದ ಹೆಸರು

ನಮ್ಮ ಕಡೆ ಏನಾದರೂ ಕಳೆದುಹೋದರೆ, ಹಟ ಹಿಡಿದ ಕೆಲಸ ಆಗದಿದ್ದರೆ, ಕೊರಗಜ್ಜ ದೈವಕ್ಕೆ ಚಕ್ಕುಲಿಯ ಹರಕೆ ಹೇಳಿಕೊಳ್ಳುತ್ತಾರೆ. ಎಲ್ಲರೂ ಪ್ರೀತಿಯಿಂದ ಅಜ್ಜ ಎನ್ನುವುದು. ನಾನೂ ಹೇಳಿಕೊಳ್ಳುತ್ತೇನೆ, ಅದರಲ್ಲಿ ತಕರಾರಿಲ್ಲ.

ನೆರಿಯದ ಆ ಮನೆಯಲ್ಲಿ ಕಾರಿನ ಶೆಡ್ಡು ನಾಲ್ಕೂ ಕಡೆ ತಗಡು. ವೈಫೈ ಒಳಗೆ ನುಗ್ಗುತ್ತಿರಲಿಲ್ಲ. ಬಾಕ್ಸನ್ನು ಕಿಟಕಿಗೆ ತಂದು, ತಗಡಿನ ಒಂದು ಶೀಟು ಬಿಚ್ಚಿ, ಕಾರನ್ನು ಹಿಂದೆ ಮುಂದೆ ಮಾಡಿ ಎರಡೂವರೆ ಗಂಟೆ ಬೆವರು ಸುರಿಸಿದೆ. ಕನೆಕ್ಟ್ ಆದ ಕ್ಷಣವೇ ಯಜಮಾನರು ಕೈಮುಗಿದು ಕಣ್ಣು ಮುಚ್ಚಿದರು. "ಈಗಷ್ಟೇ ಅಜ್ಜನಿಗೆ ಹೇಳಿಕೊಂಡೆ. ಎರಡು ನಿಮಿಷ ಆಗ್ಲಿಲ್ಲ, ಆಯ್ತು ನೋಡಿ!"

ಎರಡೂವರೆ ಗಂಟೆಯ ಮಾತು ನಾನು ಎತ್ತಲಿಲ್ಲ. ಫೋನಿನಲ್ಲಿ ಅಭಿಪ್ರಾಯ ಬರೆಯಿರಿ ಎಂದು ಮಾತ್ರ ಕೇಳಿಕೊಂಡೆ. ಅವರು ಪ್ರಾಮಾಣಿಕರು. ಐದು ನಕ್ಷತ್ರ ಒತ್ತಿ, 'ಎರಡೇ ನಿಮಿಷದಲ್ಲಿ ಆಯಿತು' ಎಂದು ಸೇರಿಸಿ, ಕೆಲಸ ಮಾಡಿದವರ ಹೆಸರು ಎಂಬಲ್ಲಿ 'ಅಜ್ಜ' ಎಂದು ಬರೆದರು.

ಎರಡು ದಿನ ಬಿಟ್ಟು ಬೆಂಗಳೂರಿನ ಹೆಡ್ ಆಫೀಸಿನಿಂದ ಮ್ಯಾನೇಜರಿಗೆ ಫೋನು ಬಂತು. "ನಿಮ್ಮಲ್ಲಿ ಅಜ್ಜ ಅಂತ ಒಬ್ಬರು ಸೀನಿಯರ್ ಟೆಕ್ನಿಷಿಯನ್ ಇದಾರಂತೆ, ಎರಡೇ ನಿಮಿಷದಲ್ಲಿ ಕೆಲಸ ಮುಗಿಸ್ತಾರಂತೆ. ಮತ್ಯಾಕ್ರೀ ಎಲ್ಲಾ ಕಡೆಗೂ ಆ ಬೆನ್ನುನೋವಿನವರನ್ನ ಕಳಿಸ್ತೀರಾ?"

ಕೊಕ್ಕಡದ ಕೊನೆಯ ಚುಕ್ಕೆ

ಮೇ ಮೂವತ್ತೊಂದಕ್ಕೆ ಮ್ಯಾಪಿನಲ್ಲಿ ಉಳಿದದ್ದು ಒಂದೇ ಕೆಂಪು, ಕೊಕ್ಕಡದ್ದು. ಯಜಮಾನರು ನಿವೃತ್ತ ಪಿ.ಟಿ. ಮಾಸ್ಟ್ರು. ಅವರ ಹೆಂಡತಿ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಈಗಲೂ ಊರಿಗೆಲ್ಲ ಸಿಸ್ಟರ್. ಇಬ್ಬರಿಗೂ ಒಂದೇ ಆರೋಗ್ಯ ಕ್ಯಾಂಪಿನಲ್ಲಿ ಶುಗರ್ ಇದೆಯೆಂದು ಗೊತ್ತಾಗಿತ್ತು. ಅಂದಿನಿಂದ ಸಕ್ಕರೆ, ಮೈದಾ, ಕರಿದ ತಿಂಡಿ ಆ ಮನೆಯ ಗೇಟು ದಾಟಿಲ್ಲ. ಹೋದವರಿಗೆ ಸಕ್ಕರೆಯಿಲ್ಲದ ಚಹಾ, ಜೊತೆಗೆ ಮೊಳಕೆ ಬರಿಸಿದ ಹೆಸರುಕಾಳು.

ಅಲ್ಲಿಗೆ ನಾನು ಆಗಲೇ ಮೂರು ಸಲ ಹೋಗಿದ್ದೆ. ಕಾರನ್ನು ಜೋಡಿಸಿ, ಅಪ್‌ಡೇಟಿಗೆ ಹಾಕಿ, ತಾನಾಗಿ ಇಳಿಯುತ್ತದೆಂದು ಬರುವುದು. ಮನೆಗೆ ಮುಟ್ಟುವ ಮೊದಲೇ ಸಂಪರ್ಕ ತಪ್ಪಿರುವುದು. ಒಮ್ಮೆ ಪಾಸ್‌ವರ್ಡ್ ಬದಲಾಗಿತ್ತು, ಒಮ್ಮೆ ಬಾಕ್ಸಿನ ಪ್ಲಗ್ಗೇ ಹೊರಗಿತ್ತು, ಮೂರನೆಯ ಸಲ ಎರಡೂ. ಇಲಿಯ ಕೆಲಸವೋ ಎಂದು ವಯರನ್ನೆಲ್ಲ ಜಾಲಾಡಿದ್ದೆ. ಇಲಿ ಪಾಸ್‌ವರ್ಡ್ ಬದಲಿಸುವುದಿಲ್ಲ ಎಂಬುದು ನನಗೆ ದಾರಿಯಲ್ಲಿ ಹೊಳೆಯಿತು.

ನಾಲ್ಕನೆಯ ಸಲ ಹೋದಾಗ ಸಿಸ್ಟರ್ ಚಹಾ ಮಾಡಲು ಒಳಗೆ ಹೋದರು. ಮಾಸ್ಟ್ರು ನನ್ನನ್ನು ಬಚ್ಚಲು ಮನೆಯ ಹಿಂದೆ ಕರೆದುಕೊಂಡು ಹೋದರು.

"ಮಾರಾಯ, ನೀನು ಹೀಗೆ ಕಷ್ಟಪಡುವುದು ನೋಡ್ಲಿಕ್ಕೆ ಆಗುವುದಿಲ್ಲ. ಪಾಸ್‌ವರ್ಡ್ ಬದಲಿಸುವುದು ನಾನೇ."

"ಯಾಕೆ ಮಾಸ್ಟ್ರೇ?"

"ಕನೆಕ್ಟ್ ಆದ್ರೆ ಗಾಡಿ ಎಲ್ಲುಂಟು ಅಂತ ಅವಳ ಫೋನಿನಲ್ಲಿ ಕಾಣ್ತದಂತೆ. ನಾನು ಮಂಗಳವಾರ, ಶುಕ್ರವಾರ ಗ್ರೌಂಡಿನಲ್ಲಿ ವಾಕಿಂಗ್ ಅಂತ ಹೇಳಿ ಪೇಟೆಯ ಹೋಟೆಲಿಗೆ ಎಣ್ಣೆಯಲ್ಲಿ ಕರಿದ ಸಿಹಿ ಬನ್ಸ್ ತಿನ್ಲಿಕ್ಕೆ ಹೋಗುವುದು. ಗೊತ್ತಾದ್ರೆ ಅವಳು ಊಟ ಬಿಡ್ತಾಳೆ."

ಸಾವಿರಾರು ಮಕ್ಕಳನ್ನು ಒಂದು ಸೀಟಿಯಲ್ಲಿ ಸಾಲಾಗಿ ನಿಲ್ಲಿಸಿದ ಮನುಷ್ಯ ತಲೆ ತಗ್ಗಿಸಿ ನಿಂತಿದ್ದರು. ನನಗೆ ಅಯ್ಯೋ ಅನಿಸಿತು. ಆದರೆ ನನ್ನ ಬೆನ್ನಿನ ಕಥೆಯನ್ನೂ ಹೇಳಬೇಕಾಯಿತು. ಒಂದು ಗಂಟೆ ಬಿಟ್ಟುಕೊಡಿ, ಅಪ್‌ಡೇಟ್ ಇಳಿದ ಕೂಡಲೇ ನಾನೇ ವೈಫೈ ತಪ್ಪಿಸಿ ಹೋಗುತ್ತೇನೆ, ಯಾರ ಫೋನಿನಲ್ಲೂ ಏನೂ ಕಾಣುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಒಪ್ಪಿದರು.

ಬಾಕ್ಸು ನೋಡಲು ಒಳಗೆ ಹೋದರೆ ಸಿಸ್ಟರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು, "ಪ್ಲಗ್ ತೆಗೆಯುವುದು ನಾನು. ವೈಫೈಯ ರೇಡಿಯೇಷನ್ ಆರೋಗ್ಯಕ್ಕೆ ಒಳ್ಳೆಯದಲ್ಲ." ನರ್ಸ್ ಆಗಿದ್ದವರು, ಹೇಳಿದರೆ ಸರಿಯಿರಬೇಕು ಅಂದುಕೊಂಡೆ. ಅವರಿಗೂ ಒಂದು ಗಂಟೆಯ ಮಾತು ಕೊಟ್ಟೆ.

ಈ ಸಲ ನಾನು ಕಾರು ಬಿಟ್ಟು ಕದಲಲಿಲ್ಲ. ನಲವತ್ತು ನಿಮಿಷ ಕಳೆಯಿತು. ನೂರು ಪರ್ಸೆಂಟ್. ಫೋನಿನಲ್ಲಿ ನೋಡಿದೆ, ಕೊಕ್ಕಡದ ಚುಕ್ಕೆ ಹಸಿರು. ಸಂತೋಷದಲ್ಲಿ ಇಬ್ಬರನ್ನೂ ಕೂಗಿ ಕರೆದೆ.

ಅವರು ಬಂದು ನಿಲ್ಲುವುದಕ್ಕೂ ಕಾರಿನ ಪರದೆ ತಾನಾಗಿ ಬೆಳಗುವುದಕ್ಕೂ ಸರಿಹೋಯಿತು. ಹೊಸ ಅಪ್‌ಡೇಟಿನ ಹೊಸ ಸವಲತ್ತು, ನನಗೂ ಯಾರೂ ಹೇಳಿರಲಿಲ್ಲ. 'ನೀವು ಹೆಚ್ಚಾಗಿ ಹೋಗುವ ಸ್ಥಳಗಳು' ಎಂಬ ಪಟ್ಟಿ. ಮೊದಲ ಸಾಲಿನಲ್ಲೇ ಪೇಟೆಯ ಹೋಟೆಲಿನ ಹೆಸರು, ಪಕ್ಕದಲ್ಲಿ ನಲವತ್ತೊಂದು ಸಲ. ನಾನು ಅಂಗೈ ಅಡ್ಡ ಹಿಡಿದೆ. ಅಷ್ಟರಲ್ಲಿ ಸಿಸ್ಟರ್ ಕನ್ನಡಕ ಹಾಕಿಯಾಗಿತ್ತು.

"ಇದೆಂತದು? ನಲವತ್ತೊಂದು ಸಲ! ವಾಕಿಂಗ್ ಅಂತ ಹೋಗಿ ಮೈದಾ ತಿನ್ನುವುದಾ? ನಾನಿಲ್ಲಿ ಹೆಸರುಕಾಳು ನೆನೆಸಿ ನೆನೆಸಿ ಕೈ ಬಿದ್ದುಹೋಯ್ತು! ನಾಳೆ ಏನಾದ್ರೂ ಆದ್ರೆ ಇಂಜೆಕ್ಷನ್ ಕೊಡುವವಳು ಯಾರು?"

ಬೈಗುಳ ಮುಂದುವರಿಯಿತು. ನಡುವೆ ಮಾಸ್ಟ್ರ ಬೆರಳುಗಳು ಮೆಲ್ಲಗೆ ಏನೋ ಎಣಿಸತೊಡಗಿದವು.

"ಗಾಡಿ ತೆಗೊಂಡು ಒಂಬತ್ತು ವಾರ" ಎಂದರು. "ವಾರಕ್ಕೆ ಎರಡು. ಒಂಬತ್ತೆರಡ್ಲಿ ಹದಿನೆಂಟು. ನಾನು ಹೋದದ್ದು ಹದಿನೆಂಟೇ ಸಲ."

ಸಿಸ್ಟರಿನ ಬೈಗುಳ ಅರ್ಧಕ್ಕೇ ನಿಂತಿತು. "ಹೋಗ್ಲಿ ಬಿಡಿ. ಯಂತ್ರ ಅಲ್ವಾ, ತಪ್ಪಿರ್ತದೆ" ಎಂದು ನನ್ನ ಕಡೆ ತಿರುಗಿದರು. "ನೀವೇ ಹೇಳಿ, ಯಂತ್ರದ್ದು ತಪ್ಪಲ್ವಾ?"

ತಪ್ಪು ಎಂದರೆ ನಾನು ದೂರು ಬರೆಯಬೇಕು. ಬರೆದರೆ ಆ ಚುಕ್ಕೆ ಮತ್ತೆ ಕೆಂಪು, ನಾಳೆಯಿಂದ ನಾನು ಗಾಡಿಯ ಅಡಿಯಲ್ಲಿ. ಆ ತಾಯಿಯ ಮುಖ ನೋಡಲಾಗದೆ ಟಯರು ನೋಡುತ್ತಾ ಹೇಳಿದೆ, "ಯಂತ್ರದ್ದು ಸರಿಯೇ ಉಂಟು ಸಿಸ್ಟರ್."

ಮಾಸ್ಟ್ರು ನಿಧಾನಕ್ಕೆ ಹೆಂಡತಿಯ ಕಡೆ ನೋಡಿದರು. "ಮತ್ತೆ ನೀನು ಗಾಡಿ ತೆಗೊಂಡು ಅಕ್ಕನ ಮನೆಗೆ ಅಂತ ಹೋಗುವುದು...?"

ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ನಿಂತರು. ಇನ್ನು ಇಲ್ಲಿ ದೊಡ್ಡ ಜಗಳವೇ ಆಗುತ್ತದೆ, ನನ್ನಿಂದಾಗಿ ಒಂದು ಸಂಸಾರ ಹಾಳಾಯಿತು ಎಂದು ನಾನು ಲ್ಯಾಪ್‌ಟಾಪ್ ಮಡಚಿದೆ. ಆದರೆ ಮಾಸ್ಟ್ರಿಗೆ ನಗು ತಡೆಯಲಾಗಲಿಲ್ಲ. ಕಾರಿನ ಬಾನೆಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಆಯ್ತು ಮಾರಾಯ್ತಿ, ಇಪ್ಪತ್ತಮೂರು ನಿನ್ನದು. ಒಂದು ಹೇಳು, ನಿನಗಾದ್ರೂ ಎರಡೆರಡು ಬನ್ಸ್ ಸಿಗ್ತದಾ? ನನಗೆ ಆ ಸಪ್ಲೈಯರ್ ಒಂದು ಕೊಟ್ಟು, ಇನ್ನೊಂದು ಕೇಳಿದ್ರೆ ಮುಗಿದಿದೆ ಅಂತ ಹೇಳ್ತಾನೆ."

ಸಿಸ್ಟರ್ ಕನ್ನಡಕ ಹಾಕಿಕೊಂಡರು.

"ಮುಗಿದದ್ದಲ್ಲ. ಮಾಸ್ಟ್ರಿಗೆ ಶುಗರ್ ಉಂಟು, ಒಂದಕ್ಕಿಂತ ಹೆಚ್ಚು ಕೊಡ್ಬೇಡ ಅಂತ ನಾನೇ ಅವನತ್ರ ಹೇಳಿಟ್ಟದ್ದು."